ಮುಚ್ಚಳ ಕೊರೆಯುವ ಮುನ್ನ

ಸರಸ್ವತೀಪುರಂ, ಮೈಸೂರು
ಭಾನುವಾರ ಬೆಳಿಗ್ಗೆ

ಪುಟ್ಟಿ, ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಮಾತಿನ ಜೋರೂ ಹಾಗೇ ಇದೆ. ಇದಕ್ಕಿಂತ ಹೆಚ್ಚು ಬರೆದರೆ ಈ ಕಾಗದ ಅಂಚೆ ಡಬ್ಬಿಯವರೆಗೆ ಹೋಗುವುದಿಲ್ಲ.

ನೀನು ಕಳಿಸಿದ ಫೋಟೋ ನೋಡಿದೆ. 2002ರ ಹೋಂಡಾ 400ಇಎಕ್ಸ್, ನಾಲ್ಕು ಚಕ್ರದ ಎಟಿವಿ. ಎಡಗಡೆ ಫೆಂಡರ್ ಸೀಳಿದೆ, ಸೀಟಿಗೆ ಟೇಪು ಸುತ್ತಿದೆ, ಆದರೂ ನೋಡಿದ ಕೂಡಲೇ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ನಾನೂ ನಿನ್ನ ಹಾಗೆ ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾಗ ನನ್ನ ಹತ್ತಿರ ಇದ್ದದ್ದೂ ಇದೇ ಗಾಡಿ, ಇದೇ ಕೆಂಪು. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ ಅಂದೆ. ನಾನಾಗಿಯೇ ಹೇಳುವುದಿಲ್ಲ. ಅವಳೇ ಕೇಳಿದರೆ ಮಾತ್ರ ಸುಳ್ಳು ಹೇಳಲಾರೆ, ಈಗಲೇ ತಿಳಿಸಿದ್ದೇನೆ.

ಏರ್‌ಬಾಕ್ಸ್ ಮುಚ್ಚಳಕ್ಕೆ ತೂತು ಕೊರೆದರೆ ಗಾಡಿ ಇನ್ನೂ ಚೆನ್ನಾಗಿ ಎಳೆಯುತ್ತಂತೆ, ನಿಜವಾ, ಕೈಯಲ್ಲಿ ಇರುವುದು ನಲವತ್ತೇ ಡಾಲರ್ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅರ್ಧ ಮಾತು ಕೇಳಿ ಡ್ರಿಲ್ ಎತ್ತಿಕೊಳ್ಳುವ ಪೈಕಿ ನೀನು. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಮೊದಲು ಆ ಪೆಟ್ಟಿಗೆ ಯಾಕಿದೆ ಎಂದು ನೋಡು. ನಿನ್ನದು 397 ಸಿಸಿಯ ಒಂದೇ ಸಿಲಿಂಡರ್. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಉಸಿರೆಳೆಯುತ್ತದೆ. ನಿಮಿಷಕ್ಕೆ 7500 ಸುತ್ತು ತಿರುಗುವಾಗ 3750 ಉಸಿರು. ಪ್ರತಿ ಸಲವೂ ಹೊಟ್ಟೆ ತುಂಬಾ ಎಳೆಯಿತು ಅಂದುಕೊಂಡರೆ ನಿಮಿಷಕ್ಕೆ ಸುಮಾರು 1490 ಲೀಟರ್, ಸೆಕೆಂಡಿಗೆ 25 ಲೀಟರ್ ಗಾಳಿ. ನಿಮ್ಮಜ್ಜಿ ಸೊಂಟದ ಮೇಲೆ ತರುತ್ತಿದ್ದ ಬಿಂದಿಗೆಯಲ್ಲಿ ಹತ್ತಿರ ಹತ್ತಿರ ಎರಡು. ಅದೂ ಒಂದೇ ಧಾರೆಯಾಗಿ ಅಲ್ಲ, ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಗುಟುಕುಗಳಾಗಿ. ಗುಟುಕಿಗೂ ಗುಟುಕಿಗೂ ನಡುವೆ ವಾಲ್ವ್ ಬಾಯಿ ಮುಚ್ಚಿಕೊಂಡಿರುತ್ತದೆ.

ನಮ್ಮ ಮನೆಯ ಸಂಪು ನೆನಪಿದೆಯಲ್ಲ? ಕಾರ್ಪೊರೇಷನ್ ನೀರು ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಂದು ತುಂಬಿಕೊಳ್ಳುತ್ತದೆ, ಮೋಟಾರು ಬೇಕಾದಾಗ ಒಂದೇ ಸಲಕ್ಕೆ ಎಳೆದುಕೊಳ್ಳುತ್ತದೆ. ಏರ್‌ಬಾಕ್ಸ್ ಎಂಜಿನ್ನಿನ ಸಂಪು. ಅದರ ಮುಚ್ಚಳದ ಮೇಲಿರುವ ರಬ್ಬರ್ ಸೊಂಡಿಲಿಗೆ, ನೀವೆಲ್ಲ ಸ್ನಾರ್ಕೆಲ್ ಅನ್ನುವುದಕ್ಕೆ, ಎರಡು ಕೆಲಸ. ಗಾಡಿ ಉಸಿರೆಳೆಯುವ ಸದ್ದನ್ನು ಅಡಗಿಸುವುದು ಒಂದು, ನೀರು ಕೆಸರು ಒಳಗೆ ಎರಚದಂತೆ ತಡೆಯುವುದು ಇನ್ನೊಂದು. ಇವೆರಡಕ್ಕೂ ಬೆಲೆಯಾಗಿ ಕಂಪನಿಯವರು ಸ್ವಲ್ಪ ಗಾಳಿ ಬಿಟ್ಟುಕೊಟ್ಟಿದ್ದಾರೆ. ಪ್ರಶ್ನೆ ಇಷ್ಟೇ: ಎಷ್ಟು ಗಾಳಿ?

ಇದನ್ನು ಕೇಳುವವರೇ ಇಲ್ಲ. ನಾನೂ ಕೇಳಲಿಲ್ಲ. 1979ರಲ್ಲಿ ನನ್ನ ಯೆಜ್ಡಿಯ ಫಿಲ್ಟರ್ ಕಿತ್ತುಹಾಕಿ ಎಚ್.ಡಿ. ಕೋಟೆ ರಸ್ತೆಯಲ್ಲಿ ಓಡಿಸಿದಾಗ ಗೆಳೆಯರೆಲ್ಲ ಹುಲಿ ಗರ್ಜಿಸಿದ ಹಾಗಿದೆ ಅಂದರು. ಗರ್ಜಿಸುತ್ತಿದ್ದದ್ದು ನಿಜ. ಹೆಚ್ಚು ಓಡುತ್ತಿತ್ತೋ ಇಲ್ಲವೋ ಯಾರೂ ಗಡಿಯಾರ ಹಿಡಿದು ನೋಡಲಿಲ್ಲ. ಕಿವಿಗೆ ಜೋರಾಗಿ ಕೇಳಿದ್ದನ್ನು ಬೆನ್ನು ಜೋರು ಎಂದೇ ನಂಬುತ್ತದೆ ಪುಟ್ಟಿ, ಅದು ನಮ್ಮೆಲ್ಲರ ಜಾತಕ.

ಈಗ ನಿನಗೊಂದು ಹಳೇ ಸಂಗತಿ ನೆನಪಿಸುತ್ತೇನೆ. ಈ ಮನೆ ಕಟ್ಟುವಾಗ ನಿನಗೆ ಐದೋ ಆರೋ ವರ್ಷ. ನಾನು ರಜಕ್ಕೆ ಬಂದಿದ್ದೆ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಉದ್ದನೆಯ ಬಿಳಿ ಟ್ಯೂಬು ತಂದಿದ್ದರು. ಒಂದು ತುದಿಯನ್ನು ನಿನ್ನ ಕೈಗೆ ಕೊಟ್ಟು, ಅಲ್ಲಾಡಿಸಬೇಡ ಕಣಮ್ಮ ಅಂತ ಮೂಲೆಯಲ್ಲಿ ನಿಲ್ಲಿಸಿದ್ದರು. ನೀನು ಉಸಿರು ಬಿಗಿಹಿಡಿದು ಗೊಂಬೆಯ ಹಾಗೆ ನಿಂತಿದ್ದೆ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುವುದನ್ನು ನೋಡಿ, "ನೀರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ್ದೆ. ಎರಡೂ ಕಡೆ ಗಾಳಿ ಒಂದೇ ಸಮ ಒತ್ತುತ್ತೆ ಎಂದು ಹೇಳಿದ್ದೆ, ನಿನಗೆ ಆಗ ಅರ್ಥವಾಗಿರಲಿಲ್ಲ.

ಅದೇ ಟ್ಯೂಬನ್ನು ಈಗ ಕೊಂಡುಕೋ. ಅಂಗಡಿಯಲ್ಲಿ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಾರದರ್ಶಕ ಟ್ಯೂಬು ಸಿಗುತ್ತದೆ, ಎರಡು ಮೀಟರ್ ಸಾಕು. ಅರ್ಧ ಮೀಟರ್ ಉದ್ದದ ಹಲಗೆಯ ಮೇಲೆ ಅದನ್ನು U ಆಕಾರಕ್ಕೆ ಬಗ್ಗಿಸಿ ಟೇಪು ಹಚ್ಚು, ಪಕ್ಕದಲ್ಲಿ ಒಂದು ಸ್ಕೇಲು ಅಂಟಿಸು. ಚಿಟಿಕೆ ಅಡುಗೆ ಬಣ್ಣ ಕದಡಿದ ನೀರನ್ನು ಅರ್ಧದವರೆಗೆ ತುಂಬು. ಒಂದು ತುದಿ ಏರ್‌ಬಾಕ್ಸ್ ಒಳಗೆ ಹೋಗಬೇಕು. ಫಿಲ್ಟರಿನಾಚೆಯ ಶುದ್ಧ ಗಾಳಿಯ ಕಡೆಗಲ್ಲ, ಫಿಲ್ಟರಿಗೆ ಮೊದಲು, ಮುಚ್ಚಳದ ಕಡೆಗೆ. ಆ ಜಾಗದಲ್ಲಾದರೆ ಟ್ಯೂಬಿನಷ್ಟೇ ದಪ್ಪದ ಒಂದು ತೂತು ಸಾಕು, ಮುಗಿದ ಮೇಲೆ ರಬ್ಬರ್ ಬಿರಡೆ ಹಾಕಬಹುದು, ಏನಾದರೂ ಹೆಚ್ಚುಕಡಿಮೆಯಾದರೂ ಎಂಜಿನ್ನಿಗೆ ಮಣ್ಣು ಹೋಗುವುದಿಲ್ಲ. ಇನ್ನೊಂದು ತುದಿ ಹೊರಗಿನ ಗಾಳಿಗೆ. ಎದುರುಗಾಳಿ ಊದಿ ಲೆಕ್ಕ ಕೆಡಿಸದಂತೆ ಅದರ ಬಾಯಿಗೆ ಒಂದು ಸ್ಪಂಜಿನ ಚೂರು ಸಿಕ್ಕಿಸು. ನೀರು ಕುಣಿದಾಡಿದರೆ ಟ್ಯೂಬನ್ನು ಒಂದು ಕಡೆ ಕ್ಲಿಪ್ಪಿನಿಂದ ಸ್ವಲ್ಪ ಹಿಸುಕು, ತೆಪ್ಪಗಾಗುತ್ತದೆ.

ಹಲಗೆಯನ್ನು ಟ್ಯಾಂಕಿನ ಮೇಲೆ ನೆಟ್ಟಗೆ ಕಟ್ಟಿ, ಅದರ ಎದುರಿಗೆ ಫೋನ್ ಇಟ್ಟು ವಿಡಿಯೋ ಹಾಕು. ಓಡಿಸುತ್ತಾ ಟ್ಯೂಬು ನೋಡಬಾರದು. ಇದಕ್ಕೆ ಮಾತ್ರ ನನಗೆ ಭಾಷೆ ಕೊಡು. ಸಮತಟ್ಟಾದ, ಯಾರೂ ಇಲ್ಲದ ಜಾಗದಲ್ಲಿ, ಮೂರನೇ ಗೇರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ ನಾಲ್ಕೈದು ಸೆಕೆಂಡ್ ಓಡಿಸಿದರೆ ಆಯಿತು. ಮನೆಗೆ ಬಂದು ಕಾಫಿ ಕುಡಿಯುತ್ತಾ ವಿಡಿಯೋ ನೋಡು. ಎರಡು ಕಡೆಯ ನೀರಿನ ಎತ್ತರದ ವ್ಯತ್ಯಾಸ ಎಷ್ಟು ಸೆಂಟಿಮೀಟರ್?

ಆ ಸಂಖ್ಯೆಯೇ ಮುಚ್ಚಳದ ಬೆಲೆ. ಫೀನಿಕ್ಸ್ ಎತ್ತರದಲ್ಲಿ ವಾತಾವರಣ ಒತ್ತುವುದು ಸುಮಾರು ಹತ್ತು ಮೀಟರ್ ನೀರಿನ ಭಾರದಷ್ಟು, ಅಂದರೆ ಸಾವಿರ ಸೆಂಟಿಮೀಟರ್. ನಿನ್ನ ಟ್ಯೂಬು ಹತ್ತು ಸೆಂಟಿಮೀಟರ್ ತೋರಿಸಿದರೆ ಮುಚ್ಚಳ ತಡೆಯುತ್ತಿರುವುದು ನೂರಕ್ಕೆ ಒಂದು ಪಾಲು. ಇಪ್ಪತ್ತು ತೋರಿಸಿದರೆ ಎರಡು ಪಾಲು. ಮೂವತ್ತರ ಸುತ್ತಮುತ್ತ ಕುದುರೆಶಕ್ತಿಯ ಗಾಡಿಯಲ್ಲಿ ಎರಡು ಪಾಲು ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುದುರೆ. ಉಸಿರಿನ ಅಲೆಗಳ ಆಟ ಬೇರೆ ಇದೆ, ಅದರಿಂದ ಒಂದು ವೇಗದಲ್ಲಿ ಸ್ವಲ್ಪ ಬರಬಹುದು, ಇನ್ನೊಂದು ವೇಗದಲ್ಲಿ ಹೋಗಬಹುದು. ಮುಚ್ಚಳ ತೆಗೆದವರಲ್ಲಿ ಕೆಲವರು ಕೆಳಗಿನ ವೇಗದಲ್ಲಿ ಎಳೆತ ಕಮ್ಮಿಯಾಯಿತು ಎನ್ನುವುದು ಅದಕ್ಕೇ. ಆದರೂ ದೊಡ್ಡ ಲೆಕ್ಕ ಟ್ಯೂಬಿನದ್ದೇ.

ಇದಕ್ಕೆ ಹೋಲಿಸಿ ನೋಡು. ನಿಮ್ಮ ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಇರುವುದು ಸಮುದ್ರಮಟ್ಟದಿಂದ ಸುಮಾರು 2100 ಮೀಟರ್ ಮೇಲೆ. ಅಲ್ಲಿಗೆ ಹತ್ತಿದರೆ ಗಾಳಿಯ ಒತ್ತಡದಲ್ಲಿ ಐದರಲ್ಲಿ ಒಂದು ಪಾಲು ಹೋಗುತ್ತದೆ, ನಿನ್ನ ಟ್ಯೂಬಿನ ಭಾಷೆಯಲ್ಲಿ ಎರಡು ಮೀಟರ್ ನೀರು! ಅಲ್ಲಿನ ತಂಪು ಸ್ವಲ್ಪ ಸರಿದೂಗಿಸುತ್ತದೆ, ಅಷ್ಟೇ. ಇನ್ನು ಬೇಸಿಗೆ. 1990ರ ಜೂನ್ 26ರಂದು ಫೀನಿಕ್ಸ್‌ನಲ್ಲಿ 50 ಡಿಗ್ರಿ ಮುಟ್ಟಿತ್ತು, ನಾನು ಅಲ್ಲೇ ಇದ್ದೆ, ಕಾರಿನ ಸ್ಟೀರಿಂಗ್ ಹಿಡಿಯಲು ಒದ್ದೆ ಟವೆಲ್ ಬೇಕಾಗಿತ್ತು. ಅಷ್ಟು ಬೇಡ, 45 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ನೂರಕ್ಕೆ ಒಂಬತ್ತು ಪಾಲು ತೆಳು. ಜನವರಿ ಬೆಳಗಿನಲ್ಲಿ ಗಾಡಿ ತೆಗೆದರೆ ಬಿಟ್ಟಿಯಾಗಿ ಸಿಗುವ ಜೋರು ಯಾವ ಡ್ರಿಲ್ಲಿನಿಂದಲೂ ಸಿಗುವುದಿಲ್ಲ.

ಹಾಗಾದರೆ ಕೊರೆಯಲೇಬಾರದಾ ಎಂದು ಮುಖ ಊದಿಸಬೇಡ. ನಾನು ಹೇಳುವುದು ಅಳೆದು ಕೊರೆ ಅಂತ. ನಾನು ಅಳೆಯದೆ ಮುಚ್ಚಳ ತೆಗೆದವನು, ಅದಕ್ಕೇ ಈಗ ಗ್ಲ್ಯಾಮಿಸ್ ಕತೆ.

ಕ್ಯಾಲಿಫೋರ್ನಿಯಾದ ಆ ಮರಳ ದಿಬ್ಬಗಳಿಗೆ ನಿನ್ನ ಗೆಳೆಯರು ಇಷ್ಟರಲ್ಲೇ ಕರೆಯುತ್ತಾರೆ, ಯಾರೂ ತಪ್ಪಿಸಿಕೊಂಡದ್ದಿಲ್ಲ. ಸುಮಾರು 70 ಕಿಲೋಮೀಟರ್ ಉದ್ದಕ್ಕೆ ಮಲಗಿದ ಮರಳು. ನಾನು ಹೋಗುವ ಹಿಂದಿನ ರಾತ್ರಿ ಮುಚ್ಚಳ ತೆಗೆದಿಟ್ಟೆ, ಫೋಮ್ ಫಿಲ್ಟರ್ ತೊಳೆದೆ, ಎಣ್ಣೆ ಹಚ್ಚಿದೆ. ಅಂಚಿಗೆ ಗ್ರೀಸ್ ಹಚ್ಚಲು ಡಬ್ಬಿ ಹುಡುಕಿದೆ, ಸಿಗಲಿಲ್ಲ, ನಿದ್ದೆ ಬರುತ್ತಿತ್ತು. ಒಂದು ದಿನಕ್ಕೆ ಏನಾಗುತ್ತೆ ಬಿಡು ಅಂದುಕೊಂಡೆ. ಕೂರಿಸುವಾಗ ಒಂದು ಮೂಲೆ ಒಳಕ್ಕೆ ಮಡಚಿಕೊಂಡಿದ್ದನ್ನೂ ಗಮನಿಸಲಿಲ್ಲ. ಎರಡು ದಿನ ರಾಜನ ಹಾಗೆ ಓಡಾಡಿದೆ. ಸದ್ದು ಎಷ್ಟು ಚೆನ್ನಾಗಿತ್ತು ಅಂತೀಯ! ವಾಪಸ್ಸು ಬಂದು ಮುಂದಿನ ವಾರ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆ. ಕಿಕ್ಕರ್ ಇಲ್ಲದ ಗಾಡಿ, ಇದ್ದಿದ್ದರೆ ಕಾಲಿಗೇ ಗೊತ್ತಾಗುತ್ತಿತ್ತು, ಕಂಪ್ರೆಷನ್ ಸತ್ತುಹೋಗಿತ್ತು. ಸಿಲಿಂಡರ್ ಬಿಚ್ಚಿದಾಗ ಗೋಡೆಯ ಮೇಲೆ ಬೆಕ್ಕು ಪರಚಿದಂತೆ ಉದ್ದುದ್ದ ಗೀರು. ಮರಳಿನಲ್ಲಿರುವುದು ಸಿಲಿಕಾ, ಕಬ್ಬಿಣವನ್ನೂ ಉಜ್ಜಿ ತಿನ್ನುತ್ತದೆ. ಎಣ್ಣೆಯ ಜತೆ ಕಲೆತರೆ ಸಾಣೆ ಹಿಡಿಯುವ ಪೇಸ್ಟೇ ಆಯಿತು. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟು. ನಿನ್ನ ನಲವತ್ತು ಡಾಲರಿನ ಹಾಗೆ ಎಷ್ಟೋ ನಲವತ್ತು ಹೋಯಿತು. ಎರಡು ತಿಂಗಳು ದೊಡ್ಡಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ತಪ್ಪು ಮುಚ್ಚಳದ್ದಲ್ಲ, ಗ್ರೀಸ್ ಹಚ್ಚದ ಬೆರಳಿನದು. ಆದರೆ ಮುಚ್ಚಳ ಇದ್ದಿದ್ದರೆ ಅರ್ಧ ಮರಳು ಪೆಟ್ಟಿಗೆಯೊಳಕ್ಕೇ ಬರುತ್ತಿರಲಿಲ್ಲ.

ಹಾಗಾಗಿ ನಿನ್ನ ನಲವತ್ತು ಡಾಲರಿನಲ್ಲಿ ಮೊದಲ ಪಾಲು ಫಿಲ್ಟರಿಗೆ. ಈಗ ಇರುವುದನ್ನು ತೆಗೆದು ಬೆಳಕಿಗೆ ಹಿಡಿ, ಹೊಲಿಗೆ ಬಿಟ್ಟಿದೆಯಾ, ಫೋಮ್ ಹಿಟ್ಟಿನ ಹಾಗೆ ಉದುರುತ್ತಿದೆಯಾ ನೋಡು. ಇಷ್ಟು ಹಳೇ ಗಾಡಿಯಲ್ಲಿ ಉದುರಿದರೆ ಆಶ್ಚರ್ಯವಿಲ್ಲ, ಹೊಸದು ಹಾಕು. ಚೆನ್ನಾಗಿದ್ದರೆ ಸೀಮೆಎಣ್ಣೆಯಲ್ಲೋ ಸೋಪಿನ ಬಿಸಿನೀರಿನಲ್ಲೋ ತೊಳೆ. ಪೆಟ್ರೋಲ್ ಬೇಡ, ಅಂಟೂ ಬಿಡುತ್ತದೆ, ಗ್ಯಾರೇಜಿನಲ್ಲಿ ಬೆಂಕಿ ಭಯ ಬೇರೆ. ಬಟ್ಟೆ ಹಿಂಡಿದ ಹಾಗೆ ತಿರುಚಬೇಡ, ಅಂಗೈಯಲ್ಲಿ ಒತ್ತು. ಪೂರ್ತಿ ಒಣಗಿದ ಮೇಲೆ ಫಿಲ್ಟರಿಗೆಂದೇ ಬರುವ ಎಣ್ಣೆ ಹಚ್ಚಿ, ಒಂದೇ ಬಣ್ಣ ಬರುವ ತನಕ ಹಿಸುಕುತ್ತಿರು. ಅಂಚಿನ ಸುತ್ತ ಗ್ರೀಸ್. ಎರಡು ಸವಾರಿ ಆದ ಮೇಲೆ ಫಿಲ್ಟರ್ ತೆಗೆದು, ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಕಾರ್ಬ್ಯುರೇಟರ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಒರೆಸಿ ನೋಡು. ಬಟ್ಟೆಯಲ್ಲಿ ಒಂದೇ ಒಂದು ಮರಳಿನ ಕಾಳು ಕಂಡರೂ ಗಾಡಿ ನಿಲ್ಲಿಸು. ಧೂಳು ಕಟ್ಟಿದ್ದ ಫಿಲ್ಟರ್ ಶುದ್ಧವಾದ ದಿನವೇ ಗಾಡಿ ಹಗುರಾಗಿ ಓಡುತ್ತದೆ, ಬಹಳ ಜನ ಅಲ್ಲಿಗೇ ತೃಪ್ತರಾಗುತ್ತಾರೆ.

ನೀನು ಆಗುವುದಿಲ್ಲ, ಗೊತ್ತು.

ಆಮೇಲೆ ಸೊಂಡಿಲು. ಅದನ್ನು ಕಿತ್ತರೆ ಖರ್ಚಿಲ್ಲ, ಬೇಡವಾದರೆ ಹಾಕಬಹುದು. ಕಿತ್ತು ಮತ್ತೆ ಟ್ಯೂಬು ಕಟ್ಟಿ ಓಡಿಸು. ನೀರಿನ ವ್ಯತ್ಯಾಸ ಅರ್ಧಕ್ಕೆ ಇಳಿದರೆ ಮುಚ್ಚಳ ಮುಟ್ಟುವ ಗೋಜೇ ಬೇಡ ಎಂದು ನನ್ನ ಮಾತು. ಇನ್ನೂ ಬೇಕೆನಿಸಿದರೆ ಗುಜರಿಯಲ್ಲೋ ಹಳೇ ಸಾಮಾನಿನವರ ಹತ್ತಿರವೋ ಇನ್ನೊಂದು ಮುಚ್ಚಳ ಹುಡುಕು, ಅದನ್ನು ಕೊರೆ. ಮೂಲ ಮುಚ್ಚಳ ಅಟ್ಟದ ಮೇಲಿರಲಿ. ಎಷ್ಟು ತೂತು? ಕಾರ್ಬ್ಯುರೇಟರಿನ ಬಾಯಿ ಅಳೆ. 38 ಮಿಲಿಮೀಟರ್ ಇದ್ದರೆ ಅದರ ವಿಸ್ತೀರ್ಣ 11 ಚದರ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. 25 ಮಿಲಿಮೀಟರಿನ ಒಂದು ತೂತು ಐದಕ್ಕೆ ಹತ್ತಿರ, ಆದರೆ ಚೂಪು ಅಂಚಿನ ತೂತಿನಲ್ಲಿ ಗಾಳಿ ಮುದುಡಿಕೊಂಡು ಹೋಗುವುದರಿಂದ ಕೆಲಸಕ್ಕೆ ಬರುವುದು ಮೂರೇ ಅಂದುಕೋ. ಎಂಟು ತೂತಾದರೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅದರಾಚೆ ಕೊರೆಯುವುದು ಸಂಪಿಗೆ ಹತ್ತು ನಲ್ಲಿ ಹಾಕಿದ ಹಾಗೆ, ಮೋಟಾರು ಒಂದೇ ಅಲ್ಲವಾ. ಮುಚ್ಚಳವನ್ನು ಗಾಡಿಯಿಂದ ತೆಗೆದು ಕೊರೆ, ಅಂಚನ್ನು ಅರದಿಂದ ನಯ ಮಾಡು, ಪ್ಲಾಸ್ಟಿಕ್ ಪುಡಿ ಒಂದೂ ಉಳಿಯದಂತೆ ತೊಳೆ. ಮೇಲೆ ನೀರು ತಡೆಯುವ ತೆಳು ಬಟ್ಟೆಯ ಹೊದಿಕೆ ಹಾಕು. ಮಾನ್ಸೂನ್ ತಿಂಗಳಲ್ಲಿ ಅರಿಜೋನಾದ ಒಣ ಹಳ್ಳಗಳು ಗಂಟೆಯೊಳಗೆ ತುಂಬುತ್ತವೆ. ಅವನ್ನು ದಾಟುವ ದಿನ ಹಳೇ ಮುಚ್ಚಳವೇ ಸರಿ.

ಈಗ ಎಲ್ಲರೂ ಮರೆಯುವ ಮಾತು, ಜೆಟ್ಟು, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಣುಕು. ಮುಚ್ಚಳ ತೆಗೆದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗುತ್ತದೆ ಎನ್ನುತ್ತಾರೆ. ಗಾಳಿ ಹೆಚ್ಚಾದರೆ ಅದರ ಎಳೆತಕ್ಕೆ ಪೆಟ್ರೋಲೂ ಹೆಚ್ಚು ಬರಬೇಕಲ್ಲ ಎಂದು ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಗುಟ್ಟು ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿದೆ. ಬಟ್ಟಲಿನ ಪೆಟ್ರೋಲ್ ಮೇಲೆ ಒತ್ತುವುದು ಹೊರಗಿನ ಗಾಳಿ. ಮುಚ್ಚಳ ಹಾಕಿದಾಗ ಏರ್‌ಬಾಕ್ಸಿನಲ್ಲಿ ಒತ್ತಡ ಸ್ವಲ್ಪ ಕಮ್ಮಿ, ಹೊರಗೆ ಹೆಚ್ಚು. ಆ ವ್ಯತ್ಯಾಸ ಪೆಟ್ರೋಲನ್ನು ಹಿಂದಿನಿಂದ ಒಂಚೂರು ನೂಕಿಕೊಡುತ್ತಿರುತ್ತದೆ. ಕಂಪನಿಯವರು ಆ ನೂಕನ್ನೂ ಲೆಕ್ಕ ಹಿಡಿದೇ ಜೆಟ್ ಅಳವಡಿಸಿದ್ದಾರೆ. ನೀನು ಮುಚ್ಚಳ ತೆಗೆದ ಕ್ಷಣ ಆ ನೂಕು ಹೋಯಿತು. ನಿನ್ನ ಟ್ಯೂಬಿನಲ್ಲಿ ಕಂಡ ಅದೇ ಸೆಂಟಿಮೀಟರುಗಳು! ಗಾಳಿ ನೂರಕ್ಕೆ ಎರಡು ಪಾಲು ಹೆಚ್ಚಿದರೆ ಪೆಟ್ರೋಲಿನ ಕೊರತೆ ಅದಕ್ಕಿಂತ ದೊಡ್ಡದು. ನಿನ್ನದು ಗಾಳಿಯಿಂದಲೇ ತಣ್ಣಗಾಗುವ ಎಂಜಿನ್, ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ ಓಡಿದರೆ ಫೀನಿಕ್ಸ್ ಬಿಸಿಲಿನಲ್ಲಿ ಬಾಣಲೆಯಾಗುತ್ತದೆ.

ಜೆಟ್ಟಿನ ಬೆಲೆ ಕೆಲವೇ ಡಾಲರ್. ಹಳೆಯದರ ಮೇಲೆ ಸಂಖ್ಯೆ ಕೊರೆದಿರುತ್ತದೆ, ಗೋಡೆಯ ಮೇಲೆ ಬರೆದಿಟ್ಟುಕೋ. ಅದಕ್ಕಿಂತ ಒಂದು, ಎರಡು, ಮೂರು ಸೈಜ್ ದೊಡ್ಡವು ತಂದುಕೋ. ದೊಡ್ಡದರಿಂದ ಶುರುಮಾಡಿ ಕೆಳಗೆ ಬಾ, ರಿಚ್ ಆದರೆ, ಅಂದರೆ ಪೆಟ್ರೋಲ್ ಹೆಚ್ಚಾದರೆ ಗಾಡಿ ಮುಗ್ಗರಿಸುತ್ತದೆ ಅಷ್ಟೇ, ಲೀನ್ ಆದರೆ ಪಿಸ್ಟನ್ ಹೋಗುತ್ತದೆ. ಹೊಸ ಪ್ಲಗ್ ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಪ್ಲಗ್ ಬಿಚ್ಚು. ಬಿಳಿ ಪಿಂಗಾಣಿಯ ಬುಡದಲ್ಲಿ, ತುದಿಯಲ್ಲಲ್ಲ, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ ಇದ್ದರೆ ಸರಿ. ಸುಣ್ಣದ ಹಾಗಿದ್ದರೆ ಲೀನ್, ಕಾಡಿಗೆಯಾದರೆ ರಿಚ್. ಈಗಿನ ಪೆಟ್ರೋಲಿನಲ್ಲಿ ಬಣ್ಣ ಬೇಗ ಕೂರುವುದಿಲ್ಲ, ಎರಡು ಮೂರು ಸಲ ಓಡಿಸಿ ನೋಡು. ಇಷ್ಟೆಲ್ಲ ಮಾಡಿ ಫ್ಲ್ಯಾಗ್‌ಸ್ಟಾಫಿಗೆ ಹೋದರೆ ಮತ್ತೆ ಎಲ್ಲಾ ರಿಚ್, ಆಗ ಹಳೇ ಜೆಟ್ಟೇ ನೆಂಟ.

ಸದ್ದಿನ ಬಗ್ಗೆಯೂ ಒಂದು ಮಾತು. ಅರಿಜೋನಾದಲ್ಲಿ ಮಿತಿ 96 ಡೆಸಿಬೆಲ್, ಮುಚ್ಚಳ ತೆಗೆದ ಗಾಡಿ ಅದರ ಹತ್ತಿರಕ್ಕೆ ಸರಿಯುತ್ತದೆ. 2006ರ ಮಾಡೆಲ್‌ನಿಂದ ಈಚಿನ ಎಟಿವಿಗಳಿಗೆ ಫೆಡರಲ್ ಹೊಗೆ ನಿಯಮವೂ ಬಂದಿದೆ, ಅವುಗಳ ಏರ್‌ಬಾಕ್ಸಿಗೆ ಕೈಹಾಕುವುದು ಬೇರೆ ತಂಟೆ. ನಿನ್ನದು ಅದಕ್ಕಿಂತ ಹಳೆಯದು. ಗೆಳತಿಯ ಹೊಸ ಗಾಡಿಗೂ ನೀನೇ ಮೆಕ್ಯಾನಿಕ್ ಆಗಬೇಡ. ಇನ್ನೊಂದು, ನಿನ್ನ ಗಾಡಿಗೆ ರಿವರ್ಸ್ ಇಲ್ಲ, ಹೋಂಡಾದವರು ಅದನ್ನು ಕೊಟ್ಟದ್ದು 2005ರಲ್ಲಿ. ಇಳಿಜಾರಿನಲ್ಲಿ ಮೂಗು ಸಿಕ್ಕಿಸಿಕೊಂಡರೆ ಇಳಿದು ನೂಕಬೇಕು. ಹೆಲ್ಮೆಟ್ ವಿಷಯ ನಾನು ಬರೆಯುವುದೇ ಇಲ್ಲ, ಅದನ್ನು ಹೇಳಿಸಿಕೊಳ್ಳುವ ಹುಡುಗಿಯಾಗಿದ್ದರೆ ನಿನಗೆ ಗಾಡಿ ತಗೋ ಅನ್ನುತ್ತಲೇ ಇರಲಿಲ್ಲ.

ದೊಡ್ಡಮ್ಮ ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಮುಂದಿನ ತಿಂಗಳು ಅಲ್ಲಿಗೆ ಬರುವವರೊಬ್ಬರ ಕೈಲಿ ಕಳಿಸುತ್ತೇವೆ.

ಮುಚ್ಚಳಕ್ಕೆ ಡ್ರಿಲ್ ಇಡುವ ಮುನ್ನ ಟ್ಯೂಬು ಕಟ್ಟಿದ ಹಲಗೆಯ ಫೋಟೋ ಕಳಿಸು, ಎಷ್ಟು ಸೆಂಟಿಮೀಟರ್ ಬಂತು ಬರಿ. ಕಾಯುತ್ತಿರುತ್ತೇನೆ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ